ದೈವದ ಪಾಲು

2018ರ ಫೆಬ್ರವರಿಯ ಒಂದು ರಾತ್ರಿ, ಅಮೆರಿಕದ ಫ್ಲೋರಿಡಾ ಕರಾವಳಿಯ ಜಾನ್ಸ್ ಪಾಸ್ ಎಂಬ ಅಳಿವೆಯಲ್ಲಿ 28 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದು ಮುಳುಗಿತು. ಅದರಲ್ಲಿದ್ದದ್ದು ಕೊಲರಾಡೊ ರಾಜ್ಯದ ಒಂದು ಎಳೆಯ ಜೋಡಿ, ಜೊತೆಗೆ ಅವರ ನಾಯಿ. ನೌಕರಿ ಬಿಟ್ಟು, ಇದ್ದಬದ್ದದ್ದನ್ನೆಲ್ಲ ಮಾರಿ, ಆ ಹಣದಲ್ಲಿ ದೋಣಿ ಕೊಂಡು, ಇನ್ನು ನೀರಿನ ಮೇಲೆಯೇ ಸಂಸಾರ ಎಂದು ಹೊರಟವರು. ಹೊರಟ ಎರಡನೆಯ ದಿನ, ರಾತ್ರಿ ತಂಗಲೆಂದು ಅಳಿವೆಯೊಳಗೆ ಬರುವಾಗ ದೋಣಿ ನೀರೊಳಗಿನ ಏನಕ್ಕೋ ಬಡಿಯಿತು. ತಳದ ಕೀಲ್ ಕಿತ್ತುಬಂತು. ಕಾಗದಪತ್ರ, ಒಂದಿಷ್ಟು ಬಟ್ಟೆ, ನಾಯಿ, ಇಷ್ಟನ್ನು ಎತ್ತಿಕೊಂಡು ಇಬ್ಬರೂ ಪಾರಾದರು. ದೋಣಿಗೆ ವಿಮೆ ಇರಲಿಲ್ಲ.

ಸುದ್ದಿ ಬಹಳ ದೂರ ಹಬ್ಬಿತು. ಕೆಲವರು ಮರುಗಿ ಹಣ ಕಳಿಸಿದರು, ಕೆಲವರು ಬೈದರು. ಬೈದವರ ವಾದ ಸರಳ: ಸಮುದ್ರ ಗೊತ್ತಿಲ್ಲದವರು ಸಮುದ್ರಕ್ಕಿಳಿದರು, ತಕ್ಕದ್ದು ಆಯಿತು. ಮರುಗಿದವರದ್ದೂ ಸರಳವೇ: ಪಾಪ, ಅವರ ಗ್ರಹಚಾರ. ಒಂದೇ ಘಟನೆ ಒಬ್ಬರಿಗೆ ಪೂರ್ತಿ ತಪ್ಪಾಗಿಯೂ ಇನ್ನೊಬ್ಬರಿಗೆ ಪೂರ್ತಿ ದೈವವಾಗಿಯೂ ಕಂಡಿತು. ನಡುವೆ ಇರುವ ಜಾಗ ಯಾರ ಕಣ್ಣಿಗೂ ಬೀಳಲಿಲ್ಲ.

ಆ ನಡುವಿನ ಜಾಗ ಸಣ್ಣದಲ್ಲ. ಜಾನ್ಸ್ ಪಾಸ್ ಎಂಬ ಅಳಿವೆಯನ್ನು ಮನುಷ್ಯರು ತೋಡಿದ್ದಲ್ಲ. 1848ರ ಚಂಡಮಾರುತವೊಂದು ಮರಳದಿಣ್ಣೆಯನ್ನು ಸೀಳಿಕೊಂಡು ಹೋದಾಗ ಆದ ದಾರಿ ಅದು. ಬಿರುಗಾಳಿ ತೆರೆದ ಬಾಗಿಲಿನಲ್ಲಿ ಮರಳು ಇಂದಿಗೂ ಕೂತಲ್ಲಿ ಕೂರುವುದಿಲ್ಲ. ಮರಳು ಸರಿದಂತೆ ದಾರಿ ತೋರಿಸುವ ಬೋಯಾಗಳನ್ನೂ ಸರಿಸಬೇಕಾಗುತ್ತದೆ, ನಕ್ಷೆ ಹಿಂದೆ ಉಳಿಯುತ್ತದೆ. ಕರ್ನಾಟಕದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಗೊಳ್ಳಿಯಲ್ಲಿ, ಮಂಗಳೂರಿನಲ್ಲಿ ಅಳಿವೆ ಬಾಗಿಲಿನ ಹೂಳು ತೆಗೆಯಿರಿ ಎಂದು ಮೀನುಗಾರರು ವರ್ಷವರ್ಷ ಕೇಳುತ್ತಲೇ ಇರುತ್ತಾರೆ. ಹುಟ್ಟಿದಾಗಿನಿಂದ ಆ ನೀರನ್ನೇ ಕಂಡ ತಂಡೇಲರ ಬೋಟುಗಳೂ ಅಲ್ಲಿ ಮರಳಿಗೆ ತಾಗಿ ಮಗುಚಿದ್ದುಂಟು. ಹೊರಗಿನ ಅಲೆ, ಒಳಗಿನಿಂದ ಹರಿದುಬರುವ ಇಳಿತದ ನೀರು, ಎರಡೂ ಎದುರುಬದುರಾಗುವ ಅಳಿವೆಯಲ್ಲಿ ಅಲೆಗಳ ನಡುವಿನ ಅಂತರ ಕಿರಿದಾಗಿ ಅಲೆ ಕಡಿದಾಗುತ್ತದೆ. ಹಾಗಾದರೆ ಎರಡನೆಯ ದಿನದ ಆ ಮುಳುಗಡೆಯಲ್ಲಿ ಜೋಡಿಯ ಪಾಲೆಷ್ಟು, ಮರಳಿನ ಪಾಲೆಷ್ಟು, ಕತ್ತಲೆಯ ಪಾಲೆಷ್ಟು, ಕೊನೆಗೆ ದೈವದ್ದು ಎನ್ನಬಹುದಾದ ಪಾಲೆಷ್ಟು?

ಇಂಥ ಪಾಲುಪಟ್ಟಿಯ ಒಂದು ಹಳೆಯ ಮಾದರಿ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ಯಾವುದೇ ಕೆಲಸ ಆಗಬೇಕಾದರೆ ಕಾರಣಗಳು ಐದು ಎನ್ನುತ್ತಾನೆ ಕೃಷ್ಣ. ಕೆಲಸ ನಡೆಯುವ ನೆಲೆ, ಮಾಡುವವನು, ಅವನ ಸಲಕರಣೆಗಳು, ಬಗೆಬಗೆಯ ಯತ್ನಗಳು, ಐದನೆಯದಾಗಿ ದೈವ. ಆ ಐದನೆಯದು ಏನು ಎಂಬಲ್ಲಿ ಆಚಾರ್ಯರು ಒಂದಾಗುವುದಿಲ್ಲ. ಶಂಕರರು ಅದನ್ನು ಕಣ್ಣು ಮೊದಲಾದ ಇಂದ್ರಿಯಗಳಿಗೆ ಒತ್ತಾಸೆಯಾಗಿ ನಿಲ್ಲುವ ಆದಿತ್ಯಾದಿ ದೇವತೆಗಳು ಎಂದು ಓದಿದರು. ರಾಮಾನುಜರು ಒಳಗಿದ್ದು ನಡೆಸುವ ಪರಮಾತ್ಮನೇ ಅದು ಎಂದರು, ಐದರಲ್ಲಿ ಅದೇ ಮುಖ್ಯ ಎಂದೂ ಹೇಳಿದರು. ಯಾವ ಓದನ್ನು ಒಪ್ಪಿದರೂ ಒಂದು ವಿಷಯ ಗಮನಿಸಬೇಕು: ದೈವದ ಹೆಸರು ಬರುವುದು ಉಳಿದ ನಾಲ್ಕರ ಹೆಸರು ಬಂದ ಮೇಲೆ. ನಾಲ್ಕರ ಲೆಕ್ಕ ಕೊಡದೆ ಐದನೆಯದಕ್ಕೆ ಹಾರುವವನಿಗೆ ಈ ಶ್ಲೋಕದಲ್ಲಿ ಆಸರೆಯಿಲ್ಲ.

ದೋಣಿಯ ಮೇಲೆ ಬದುಕು ಹೂಡುವವರ ಮೊದಲ ತಿಂಗಳುಗಳನ್ನು ನೋಡಿದರೆ ಈ ಕ್ರಮಕ್ಕೆ ಎಷ್ಟು ಬೆಲೆ ಎಂಬುದು ಗೊತ್ತಾಗುತ್ತದೆ. ಅಲ್ಲಿನ ಅವಘಡಗಳು ದೈವದ ವೇಷದಲ್ಲೇ ಬರುತ್ತವೆ. ಹಳೆಯ ದೋಣಿಯ ಡೀಸೆಲ್ ಟ್ಯಾಂಕನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ದಕ್ಕೆಯಲ್ಲಿ ಕಟ್ಟಿಹಾಕಿದ ದೋಣಿಯ ಟ್ಯಾಂಕಿನ ತಳದಲ್ಲಿ ಕಪ್ಪು ಗಸಿ ಕೂತಿರುತ್ತದೆ. ದೋಣಿ ಕೊಳ್ಳಲು ಬಂದವರ ಮುಂದೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಓಡಿಸುತ್ತಾರೆ. ಸದ್ದು ಸೊಗಸಾಗಿರುತ್ತದೆ, ಏಕೆಂದರೆ ಗಸಿ ಕದಡಿಲ್ಲ. ಹೊಸ ಒಡೆಯರು ಮೊದಲ ಬಾರಿಗೆ ನಿಜವಾದ ಅಲೆಗೆ ಮುಖ ಕೊಟ್ಟ ದಿನ ಟ್ಯಾಂಕು ಕುಲುಕಾಡುತ್ತದೆ, ಗಸಿಯೆಲ್ಲ ಮೇಲೆದ್ದು ಪೈಪಿಗೆ ಹೋಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಂಜಿನ್ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ? ಅಲೆ ಹೆಚ್ಚಿರುವ ಕಡೆ, ಅಂದರೆ ಅಳಿವೆಯ ಬಾಯಲ್ಲಿ, ಬಂಡೆಯ ಬದಿಯಲ್ಲಿ, ಎಂಜಿನ್ ಬೇಕೇಬೇಕಾದ ಗಳಿಗೆಯಲ್ಲಿ. ಶನಿ ಹೆಗಲೇರಿದ ಎಂದು ಆ ಇಬ್ಬರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಶನಿ ಅಂದು ಬಂದದ್ದಲ್ಲ, ಟ್ಯಾಂಕಿನ ತಳದಲ್ಲಿ ಮೊದಲಿನಿಂದಲೂ ಕೂತಿದ್ದ. ಹೊರಡುವ ಮುಂಚೆ ಟ್ಯಾಂಕು ತೊಳೆಸಿದ್ದರೆ, ಎರಡು ಫಿಲ್ಟರ್ ಹೆಚ್ಚಿಗೆ ಇಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಾಗೆಯೇ ಲಂಗರು. ನೀರು ಐದು ಅಡಿ ಆಳವಿದ್ದರೆ ಐದೇ ಅಡಿ ಸರಪಳಿ ಬಿಟ್ಟರೆ ಸಾಲದು. ಆಳದ ಐದರಿಂದ ಏಳು ಪಟ್ಟು ಬಿಡಬೇಕು. ಆಗ ಮಾತ್ರ ಸೆಳೆತ ಅಡ್ಡಡ್ಡ ಬಿದ್ದು ಲಂಗರಿನ ಕೊಕ್ಕೆ ನೆಲಕ್ಕೆ ಕಚ್ಚುತ್ತದೆ. ಕಡಿಮೆ ಬಿಟ್ಟರೆ ಸೆಳೆತ ಮೇಲ್ಮುಖವಾಗಿ ಕೊಕ್ಕೆ ಕಳಚುತ್ತದೆ. ಇದು ಗೊತ್ತಿಲ್ಲದ ದಂಪತಿ ನಡುರಾತ್ರಿ ಎದ್ದು ನೋಡಿದಾಗ ದೋಣಿ ಬೇರೊಬ್ಬರ ದೋಣಿಗೆ ಒರಗಿ ನಿಂತಿರುತ್ತದೆ. ಬಲ್ಲವರ ದೋಣಿಯಲ್ಲಿ ಒಂದು ಸಣ್ಣ ವಸ್ತು ಕಣ್ಣಿಗೆ ಬೀಳುತ್ತದೆ. ಬಚ್ಚಲಿಗೆ, ಎಂಜಿನ್ನಿಗೆ ನೀರು ಬರಲು ಹೋಗಲು ದೋಣಿಯ ತಳದಲ್ಲಿ ಅಲ್ಲಲ್ಲಿ ತೂತು ಕೊರೆದು ವಾಲ್ವು ಕೂರಿಸಿರುತ್ತಾರೆ. ಪ್ರತಿ ವಾಲ್ವಿಗೂ ಒಂದು ಮೆದುಮರದ ಬೆಣೆಯನ್ನು ದಾರದಲ್ಲಿ ಕಟ್ಟಿ ನೇತುಹಾಕಿರುತ್ತಾರೆ, ವಾಲ್ವು ಕಿತ್ತುಹೋದರೆ ಹುಡುಕದೆ ಕೈಗೆ ಸಿಗಲೆಂದು. ಅಂಗೈಯುದ್ದದ ಆ ಬೆಣೆ ಗೀತೆ ಹೇಳಿದ ಮೂರನೆಯ ಕಾರಣ, ಸಲಕರಣೆ. ಅದನ್ನು ಮುಂಚೆಯೇ ಕಟ್ಟಿಟ್ಟದ್ದು ನಾಲ್ಕನೆಯದು, ಯತ್ನ.

ಯೋಗವಾಸಿಷ್ಠದ ವಸಿಷ್ಠನಿಗಾದರೆ ಇಷ್ಟೂ ಸಾಲದು. ದೈವ ಎಂಬುದೇ ಇಲ್ಲ, ನಿನ್ನೆಯ ಯತ್ನವನ್ನೇ ಇಂದು ದೈವವೆಂದು ಕರೆಯುತ್ತಾರೆ ಎಂದು ಅವನು ರಾಮನಿಗೆ ಹೇಳುತ್ತಾನೆ. ಹಿಂದಿನ ಯತ್ನವೂ ಇಂದಿನ ಯತ್ನವೂ ಎರಡು ಟಗರುಗಳಂತೆ ಕಾದಾಡುತ್ತವೆ, ಬಲವಿದ್ದದ್ದು ಗೆಲ್ಲುತ್ತದೆ. ಟ್ಯಾಂಕಿನ ಗಸಿಯ ಮಟ್ಟಿಗೆ ವಸಿಷ್ಠನ ಮಾತು ಅಕ್ಷರಶಃ ನಿಜ. ಎಲ್ಲದಕ್ಕೂ ಅದು ಸಾಕೇ ಎಂಬುದನ್ನು ಮುಂದೆ ನೋಡಬೇಕು.

ಮೊದಲು ಒಂದು ದುರಂತ.

ಫ್ರಾಂಕ್ ಡೇವಿಸನ್ ಮತ್ತು ಆನ್ ಡೇವಿಸನ್ ಇಂಗ್ಲೆಂಡಿನವರು, ಇಬ್ಬರೂ ವಿಮಾನ ಹಾರಿಸಿದವರು. ಎರಡನೆಯ ಮಹಾಯುದ್ಧದ ಹೊತ್ತಿಗೆ ವಿಮಾನದ ಬದುಕು ಮುಗಿದು, ಸ್ಕಾಟ್ಲೆಂಡಿನ ಲೋಮಂಡ್ ಸರೋವರದ ದ್ವೀಪದಲ್ಲಿ ಆಡು, ಹೆಬ್ಬಾತು ಸಾಕಿ ನೋಡಿದರು. ಅದೂ ಕೈಹಿಡಿಯದೆ, ದೋಣಿಯಲ್ಲಿ ಜಗತ್ತು ಸುತ್ತುವ ಆಸೆ ಹೊತ್ತು ಫ್ಲೀಟ್‌ವುಡ್ ಬಂದರಿನಲ್ಲಿ ‘ರಿಲಯನ್ಸ್’ ಎಂಬ 70 ಅಡಿಯ ಹಳೆಯ ಮೀನುಗಾರಿಕೆ ಹಡಗನ್ನು ಕೊಂಡರು. ಇಬ್ಬರೇ ನಡೆಸುವುದಕ್ಕೆ ಅದು ತೀರಾ ದೊಡ್ಡದು. ದುರಸ್ತಿಯ ಖರ್ಚು ಅಂದಾಜು ಮೀರಿ ಬೆಳೆಯಿತು, ಸಾಲ ಏರಿತು, ಸಾಲಗಾರರು ಕೋರ್ಟಿಗೆ ಹೋದರು. ಹಡಗು ಕೈತಪ್ಪುವ ಮುನ್ನ, 1949ರ ಮೇ ತಿಂಗಳಲ್ಲಿ, ಸಿದ್ಧತೆ ಅರ್ಧವಿರುವಾಗಲೇ ಗಂಡಹೆಂಡತಿ ಹೊರಟುಬಿಟ್ಟರು. ಎರಡು ವಾರಕ್ಕೂ ಹೆಚ್ಚು ಕಾಲ ಬಿರುಗಾಳಿ, ಕೈಕೊಡುವ ಎಂಜಿನ್, ನಿದ್ದೆಯಿಲ್ಲದ ರಾತ್ರಿಗಳು. ಜೂನ್ ಆರಂಭದಲ್ಲಿ ದಕ್ಷಿಣ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಬಿಲ್ ಭೂಶಿರದ ಬಂಡೆಗಳಿಗೆ ಹಡಗು ಅಪ್ಪಳಿಸಿತು. ಇಬ್ಬರೂ ಒಂದು ಸಣ್ಣ ತೆಪ್ಪವೇರಿದರು. ಆ ಭೂಶಿರದೆದುರು ಪ್ರವಾಹಗಳು ಒಂದನ್ನೊಂದು ನುಗ್ಗಿ ನೀರು ಕುದಿಯುವಂತಿರುತ್ತದೆ. ತೆಪ್ಪ ಅದರೊಳಗೆ ಸಿಕ್ಕಿತು. ಫ್ರಾಂಕ್ ಅಲ್ಲಿಯೇ ತೀರಿಕೊಂಡರು. ಆನ್ ದಡಕ್ಕೆ ಬಂದು ಬಿದ್ದು, ಬಂಡೆ ಹತ್ತಿ ಬದುಕಿಕೊಂಡರು.

ಇಲ್ಲಿ ದೈವವನ್ನು ಮೊದಲು ಕರೆಯುವುದು ಸರಿಯೇ? ನೆಲೆ ತಪ್ಪು: ಬ್ರಿಟನ್ನಿನ ಕರಾವಳಿಯಲ್ಲಿ ಗಾಳಿ ದಂಡೆಯತ್ತ ನೂಕುವಾಗ ತಪ್ಪಿಸಿಕೊಳ್ಳಲು ಜಾಗ ಕಡಿಮೆ. ಮಾಡುವವರು ಇಬ್ಬರೇ, ಇಬ್ಬರೂ ಬಳಲಿದವರು. ಸಲಕರಣೆ ಅಪೂರ್ಣ. ಯತ್ನವೋ, ಅದು ಸಮುದ್ರದತ್ತ ಹೋದದ್ದಕ್ಕಿಂತ ಸಾಲದಿಂದ ಓಡಿದ್ದು. ಮನೆ ಬಿಟ್ಟು ಹೋಗುವವರ ಬಗ್ಗೆ ಮನುಸ್ಮೃತಿಯ ಆರನೆಯ ಅಧ್ಯಾಯಕ್ಕೆ ಖಚಿತ ಅಭಿಪ್ರಾಯವಿದೆ. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯೋ ಜೊತೆಗೆ ಕರೆದುಕೊಂಡೋ ಕಾಡಿಗೆ ಹೋಗಬಹುದು ಎನ್ನುವ ಆ ಅಧ್ಯಾಯವೇ, ಋಣ ತೀರಿಸದೆ ಮೋಕ್ಷಕ್ಕೆ ಮನಸ್ಸಿಟ್ಟವನು ಕೆಳಗೆ ಬೀಳುತ್ತಾನೆ ಎಂದೂ ಹೇಳುತ್ತದೆ. ಅಲ್ಲಿನ ಋಣ ದೇವ-ಋಷಿ-ಪಿತೃಗಳದ್ದು, ಅಂಗಡಿಯದ್ದಲ್ಲ. ಆದರೂ ಆ ವಿಧಿಯ ಹಿಂದಿರುವ ಅರಿವು ಇಲ್ಲಿಗೂ ಸಲ್ಲುತ್ತದೆ: ಬಿಟ್ಟೆ ಎಂದುಕೊಂಡದ್ದು ಬೆನ್ನಿಗೆ ಬಂದಿದ್ದರೆ ಬಂದರಿಗೆ ವಾಪಸಾಗುವ ದಾರಿ ಮುಚ್ಚುತ್ತದೆ. ರಿಲಯನ್ಸ್ ಹಡಗಿಗೆ ಬಿರುಗಾಳಿಯಲ್ಲಿ ಹತ್ತಿರದ ಬಂದರಿಗೆ ನುಗ್ಗುವುದು ಸುಲಭವಿರಲಿಲ್ಲ, ಬಂದರಿನಲ್ಲಿ ಕೋರ್ಟಿನ ಆಜ್ಞೆ ಕಾದಿತ್ತು.

ಹೀಗೆ ನೋಡಿದಾಗ ಫ್ರಾಂಕರ ಮೇಲೆ ತೀರ್ಪು ಬರೆದಂತೆ ತೋರಬಹುದು. ತೀರ್ಪಲ್ಲ ಅದು. ಒಬ್ಬ ಮನುಷ್ಯನ ಸಾವನ್ನು ಹಣೆಬರಹ ಎಂದು ಐದಕ್ಷರದಲ್ಲಿ ಮುಗಿಸುವುದಕ್ಕಿಂತ, ಅವನು ಏನನ್ನು ಎದುರಿಸಿದ ಎಂದು ಒಂದೊಂದಾಗಿ ನೋಡುವುದೇ ಅವನಿಗೆ ಸಲ್ಲುವ ಗೌರವ.

ಇಂಥದೇ ಲೆಕ್ಕವನ್ನು ಸ್ಟೋಯಿಕ್ ಪಂಥದ ಹಳೆಯ ತತ್ತ್ವಜ್ಞಾನಿ ಎಪಿಕ್ಟೆಟಸ್ ಕೂಡ ಮಾಡಿದ್ದ. ಅವನು ಗುಲಾಮನಾಗಿ ಹುಟ್ಟಿ, ಕಾಲು ಊನವಾಗಿದ್ದವನು. ಕೊನೆಗೆ ಗ್ರೀಸಿನ ಸಮುದ್ರದಂಚಿನ ನಿಕೊಪೊಲಿಸ್ ಊರಿನಲ್ಲಿ ಪಾಠ ಹೇಳಿದ. ಅವನ ಪಾಠಗಳಲ್ಲಿ ಒಂದು ಕಡೆ ಸಮುದ್ರಯಾನದ ಮಾತು ಬರುತ್ತದೆ. ಚುಕ್ಕಾಣಿ ಹಿಡಿಯುವವನನ್ನು ಆರಿಸುವುದು, ನಾವಿಕರನ್ನು ಆರಿಸುವುದು, ದಿನವನ್ನು, ಹೊರಡುವ ಗಳಿಗೆಯನ್ನು ಆರಿಸುವುದು, ಇಷ್ಟು ನನ್ನ ಕೈಯಲ್ಲಿದೆ. ಆಮೇಲೆ ಬಿರುಗಾಳಿ ಬಂದರೆ ನನ್ನ ಪಾಲಿನ ಕೆಲಸ ಆಗಿದೆ, ಇನ್ನು ಅದು ಚುಕ್ಕಾಣಿಯವನ ಕೆಲಸ, ಹಡಗೇ ಮುಳುಗಿದರೆ ಕೂಗಾಡದೆ, ದೇವರನ್ನು ದೂರದೆ ಮುಳುಗುತ್ತೇನೆ ಎಂಬುದು ಅವನ ನಿಲುವು. ಈ ಮಾತಿನ ಬಿಗಿ ಇರುವುದು ಕೊನೆಯ ಸಾಲಿನಲ್ಲಲ್ಲ, ಮೊದಲಿನ ಆಯ್ಕೆಗಳಲ್ಲಿ. ದಿನ ಆರಿಸದವನಿಗೆ, ಟ್ಯಾಂಕು ನೋಡದವನಿಗೆ ಸಮಚಿತ್ತದಿಂದ ಮುಳುಗುವ ಹಕ್ಕು ಇನ್ನೂ ಬಂದಿಲ್ಲ. ಇಲ್ಲಿ ಎಪಿಕ್ಟೆಟಸನೂ ಗೀತೆಯೂ ಹತ್ತಿರ ಬರುತ್ತಾರೆ.

ಆದರೆ ಅವನು ಒಬ್ಬನೇ ಯಾತ್ರಿಕನ ಲೆಕ್ಕ ಹೇಳಿದ. ದಂಪತಿಯ ದೋಣಿಯಲ್ಲಿ ಮಾಡುವವರು ಇಬ್ಬರು, ಹಾಗಾಗಿ ಪ್ರಶ್ನೆ ಬಿಗಡಾಯಿಸುತ್ತದೆ. ದಕ್ಕೆಗೆ ದೋಣಿ ಕಟ್ಟುವ ಮೊದಲ ದಿನಗಳನ್ನು ನೋಡಿದವರಿಗೆ ಇದು ಗೊತ್ತು. ದೋಣಿಗೆ ಬ್ರೇಕಿಲ್ಲ, ನಿಧಾನವಾದಷ್ಟೂ ಚುಕ್ಕಾಣಿಯ ಹಿಡಿತ ತಪ್ಪುತ್ತದೆ, ಅಡ್ಡಗಾಳಿ ಮೂತಿಯನ್ನು ಆಚೆ ತಳ್ಳುತ್ತದೆ. ಒಬ್ಬರು ಹಿಂದೆ ಚುಕ್ಕಾಣಿಯಲ್ಲಿ, ಇನ್ನೊಬ್ಬರು ಮುಂದೆ ಹಗ್ಗ ಹಿಡಿದು. ನಡುವೆ ಎಂಜಿನ್ನಿನ ಗದ್ದಲ. ಮುಂದಿನವರು ಹೇಳಿದ್ದು ಹಿಂದಿನವರಿಗೆ ಕೇಳುವುದಿಲ್ಲ, ಕೇಳಿಸಲೆಂದು ಕೂಗಿದರೆ ಅದು ಬೈಗುಳದಂತೆ ಕೇಳುತ್ತದೆ. ದೋಣಿ ದಕ್ಕೆಗೆ ಗುದ್ದಿದ ಮರುಕ್ಷಣ ಮೊದಲ ಪ್ರಶ್ನೆ ಹುಟ್ಟುತ್ತದೆ: ಯಾರ ತಪ್ಪು? ಅನುಭವಿ ದಂಪತಿಗಳು ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಈಚೆಗೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್‌ಗಳೂ ಬಂದಿವೆ, ಹಾಯಿದೋಣಿಯವರು ಅವನ್ನು ‘ಮದುವೆ ಉಳಿಸುವ ಯಂತ್ರ’ ಎಂದೇ ಕರೆಯುತ್ತಾರೆ. ಗುದ್ದು ಸಣ್ಣದಾದರೆ ಇಷ್ಟು ಸಾಕು. ಗುದ್ದು ದೊಡ್ಡದಾದರೆ?

ಮೈಲ್ಸ್ ಸ್ಮೀಟನ್ ಬ್ರಿಟಿಷ್ ಇಂಡಿಯನ್ ಸೈನ್ಯದ ಅಧಿಕಾರಿಯಾಗಿದ್ದವರು. ಹೆಂಡತಿ ಬೆರಿಲ್ ಅವರಿಗಿಂತ ಒಂದು ಹೆಜ್ಜೆ ಮುಂದಿದ್ದ ಸಾಹಸಿ. 1939ರಲ್ಲಿ, ಮುಂದೆ ಎವರೆಸ್ಟ್ ಏರಿದ ತೇನ್‌ಸಿಂಗ್ ಜೊತೆ ಇಬ್ಬರೂ ಹಿಂದೂಕುಶ್‌ನ ತಿರಿಚ್ ಮೀರ್ ಏರಲು ಹೋಗಿದ್ದರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ‘ತ್ಸು ಹಾಂಗ್’ ಎಂಬ 46 ಅಡಿಯ ದೋಣಿ ಕೊಂಡಾಗ ಅವರಿಗೆ ಹಾಯಿ ಎತ್ತಿ ಅನುಭವವೇ ಇರಲಿಲ್ಲ ಎನ್ನಬೇಕು. ಪುಟ್ಟ ಮಗಳನ್ನು ಕರೆದುಕೊಂಡು ಕಲಿಯುತ್ತ ಕಲಿಯುತ್ತ ಕೆನಡಾ ತನಕ ಹೋದರು. ಕೆಲವು ವರ್ಷಗಳಲ್ಲಿ ಪಳಗಿದರು. 1956ರ ಡಿಸೆಂಬರ್ ಕೊನೆಗೆ ಮೆಲ್ಬರ್ನ್‌ನಿಂದ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾರಿ ಹಿಡಿದಾಗ ಜೊತೆಗೆ ಜಾನ್ ಗುಜ್‌ವೆಲ್ ಎಂಬ ತರುಣ ನಾವಿಕ, ಒಂದು ಬೆಕ್ಕು.

1957ರ ಫೆಬ್ರವರಿ 14. ದಕ್ಷಿಣ ಸಾಗರದಲ್ಲಿ ಬಿರುಗಾಳಿಯ ಮುಂದೆ ದೋಣಿ ಓಡುತ್ತಿತ್ತು. ವೇಗ ತಡೆಯಲು ಹಿಂದೆ ಉದ್ದನೆಯ ದಪ್ಪ ಹಗ್ಗ ಇಳಿಬಿಟ್ಟಿದ್ದರು. ಆ ಕಾಲದ ತಿಳಿವಳಿಕೆಯಂತೆ ಮಾಡಬೇಕಾದ್ದು ಇದೇ. ಚುಕ್ಕಾಣಿ ಬೆರಿಲ್ ಕೈಯಲ್ಲಿತ್ತು, ಸೊಂಟಕ್ಕೆ ರಕ್ಷಣೆಯ ಹಗ್ಗ. ಹಿಂದಿನಿಂದ ಗೋಡೆಯಂತೆ ಎದ್ದ ಅಲೆಯೊಂದು ದೋಣಿಯನ್ನು ಮೂತಿ ಕೆಳಗಾಗಿ ಲಾಗ ಹಾಕಿಸಿತು. ಹಗ್ಗ ತುಂಡಾಗಿ ಬೆರಿಲ್ ನೀರಿಗೆ ಬಿದ್ದರು. ಎರಡೂ ಹಾಯಿಕಂಬ ಹೋದವು, ಚುಕ್ಕಾಣಿ ಹೋಯಿತು, ಮೇಲ್ಭಾಗದ ಕೋಣೆ ಕಿತ್ತುಹೋಗಿ ದೊಡ್ಡ ಬಾಯಿ ತೆರೆದು ಒಳಗೆಲ್ಲ ನೀರು ತುಂಬಿತು. ಗಾಯಗೊಂಡ ಬೆರಿಲ್ ಮುರಿದುಬಿದ್ದ ಕಂಬದ ಕಡೆಗೆ ಈಜಿ ಬಂದರು. ಮೇಲೆಳೆದುಕೊಂಡ ಸ್ವಲ್ಪ ಹೊತ್ತಿಗೆ ಬಕೆಟ್ ಹಿಡಿದು ನೀರು ಮೊಗೆಯಲು ನಿಂತರು. ಮರಗೆಲಸ ಬಲ್ಲ ಗುಜ್‌ವೆಲ್ ಹಲಗೆ, ಹಾಯಿಬಟ್ಟೆ ಜಡಿದು ಬಾಯಿ ಮುಚ್ಚಿದರು, ಚುಕ್ಕಾಣಿಗೆ ಬದಲಾಗಿ ದೊಡ್ಡ ಹುಟ್ಟು ಮಾಡಿದರು. ಐದು ವಾರದ ಮೇಲೆ ದೋಣಿ ಚಿಲಿ ದೇಶದ ದಡ ಸೇರಿತು.

ಮುಂದಿನದ್ದೇ ತತ್ತ್ವದ ಮಾತಿಗೆ ಬೇಕಾದ ಸಂಗತಿ. ದೋಣಿ ರಿಪೇರಿ ಮಾಡಿಸಿ ಅದೇ ವರ್ಷದ ಡಿಸೆಂಬರಿನಲ್ಲಿ ಗಂಡಹೆಂಡತಿ ಇಬ್ಬರೇ ಮತ್ತೆ ಹೊರಟರು. ಈ ಸಲ ಬಿರುಗಾಳಿ ಬಂದಾಗ ಅಲೆಯ ಮುಂದೆ ಓಡಲಿಲ್ಲ. ಹಾಯಿಗಳನ್ನೆಲ್ಲ ಇಳಿಸಿ, ದೋಣಿಯನ್ನು ಅದರ ಪಾಡಿಗೆ ಬಿಟ್ಟು ಒಳಗೆ ಕೂತರು. ಅಂದರೆ ಮೊದಲ ಸಲದ ಉಪಾಯಕ್ಕೆ ತೀರ ವಿರುದ್ಧ. ಡಿಸೆಂಬರ್ 26ರಂದು ಅಲೆಯೊಂದು ದೋಣಿಯನ್ನು ಪಕ್ಕಕ್ಕೆ ಪೂರ್ತಿ ಉರುಳಿಸಿತು. ಕಂಬಗಳು ಮತ್ತೆ ಹೋದವು.

ಓಡಿದರೂ ಮಗುಚಿತು, ನಿಂತರೂ ಮಗುಚಿತು. ವಸಿಷ್ಠನ ಎರಡು ಟಗರುಗಳು ಇಲ್ಲಿ ಸೋಲುತ್ತವೆ. ನಿನ್ನೆಯ ಯತ್ನದಲ್ಲಿ ಕೊರತೆಯಿತ್ತೆಂದು ಇಂದು ತಿದ್ದಿಕೊಂಡರು, ತಿದ್ದಿದ ಯತ್ನಕ್ಕೂ ಅದೇ ಫಲ ಸಿಕ್ಕಿತು. ಆ ಅಕ್ಷಾಂಶದಲ್ಲಿ ಅಲೆಗಳು ಭೂಮಿಯ ಸುತ್ತ ತಡೆಯಿಲ್ಲದೆ ಓಡುತ್ತವೆ, ಬೇರೆ ಬೇರೆ ದಿಕ್ಕಿನ ಅಲೆಗಳು ಒಂದರ ಮೇಲೊಂದು ಕೂಡಿದ ಕಡೆ ಉಳಿದೆಲ್ಲಕ್ಕಿಂತ ಎತ್ತರದ್ದೊಂದು ಏಳುತ್ತದೆ. ಅದಕ್ಕೆ ಭೌತಶಾಸ್ತ್ರದ ಕಾರಣವಿದೆ. ಆದರೆ ಆ ಅಲೆ ಆ ನಿಮಿಷಕ್ಕೆ ಆ ದೋಣಿಯಡಿ ಬಂದದ್ದನ್ನು ಯಾರ ಖಾತೆಗೆ ಹಾಕುವುದು? ಮೊದಲ ಸಲ ಚುಕ್ಕಾಣಿ ಹೆಂಡತಿಯ ಕೈಯಲ್ಲಿತ್ತು. ಹಾಕಬೇಕೆನ್ನುವ ಗಂಡನಿಗೆ ಖಾತೆ ಸಿದ್ಧವಾಗಿಯೇ ಇತ್ತು. ಮೈಲ್ಸ್ ಆ ಯಾನದ ಬಗ್ಗೆ ಬರೆದ ‘ಒನ್ಸ್ ಈಸ್ ಇನಫ್’ 1959ರಲ್ಲಿ ಬಂತು. ಅದರಲ್ಲಿ ಅವರು ಅವಳ ಕೈ ತಪ್ಪಿತೆಂದು ಬರೆಯಲಿಲ್ಲ. ಅವಳು ಅಲೆಗೆ ನೇರವಾಗಿ ಬೆನ್ನು ಕೊಟ್ಟೇ ನಡೆಸುತ್ತಿದ್ದಳು ಎಂಬುದೇ ಅವರ ಸಾಕ್ಷಿ.

ಐದನೆಯ ಕಾರಣದ ಉಪಯೋಗ ಇದು. ಆಗಿಹೋದದ್ದನ್ನು ವಿವರಿಸಲು ದೈವ ಎಂಬ ಮಾತು ಬಲು ದುರ್ಬಲ. ಅದರಿಂದ ಯಾವ ಅಲೆಯೂ ಅರ್ಥವಾಗುವುದಿಲ್ಲ. ಆದರೆ ಆಪಾದನೆ ಎಲ್ಲಿ ನಿಲ್ಲಬೇಕು ಎಂದು ತೋರಿಸಲು ಅದಕ್ಕಿಂತ ಗಟ್ಟಿ ಮಾತಿಲ್ಲ. ಗೀತೆ ಐದು ಕಾರಣ ಹೇಳಿದ ಬೆನ್ನಿಗೇ, ಹದಿನಾರನೆಯ ಶ್ಲೋಕದಲ್ಲಿ, ಹೀಗಿರುವಾಗ ತಾನೊಬ್ಬನೇ ಕರ್ತೃ ಎಂದು ಕಾಣುವವನು ಸರಿಯಾಗಿ ಕಾಣುವುದಿಲ್ಲ ಎನ್ನುತ್ತದೆ. ಇದನ್ನು ಗೆದ್ದವರ ಅಹಂಕಾರಕ್ಕೆ ಹೇಳಿದ ಎಚ್ಚರಿಕೆ ಎಂದೇ ಓದುವುದು ವಾಡಿಕೆ. ಸೋತವರಿಗೂ ಅದು ಅಷ್ಟೇ ಸಲ್ಲುತ್ತದೆ. ಎಲ್ಲ ನನ್ನಿಂದಲೇ ಆಯಿತು ಎಂದು ಕೊರಗುವುದೂ, ಎಲ್ಲ ನಿನ್ನಿಂದಲೇ ಆಯಿತು ಎಂದು ಚುಚ್ಚುವುದೂ ಅದೇ ಕುರುಡಿನ ಎರಡು ಬಗೆ.

ಮಾರಿಸ್ ಬೇಲಿ ಮತ್ತು ಮರಲಿನ್ ಬೇಲಿಯವರ ಕಥೆಯಲ್ಲಿ ಈ ಕುರುಡಿಗೆ ಬೇಕಾದಷ್ಟು ಅವಕಾಶವಿತ್ತು. ಇಂಗ್ಲೆಂಡಿನ ಡರ್ಬಿ ಊರಿನ ದಂಪತಿ. ಮಾರಿಸ್ ಮುದ್ರಣಾಲಯದಲ್ಲಿ, ಮರಲಿನ್ ತೆರಿಗೆ ಕಚೇರಿಯಲ್ಲಿ ಕೆಲಸಕ್ಕಿದ್ದರು. ಮನೆ ಮಾರಿ ದೋಣಿ ಮಾಡಿಸೋಣ ಎಂದು ಮೊದಲು ಹೇಳಿದ್ದು ಮರಲಿನ್, ಅವರಿಗೆ ಈಜು ಬಾರದು. ಇಬ್ಬರ ಹೆಸರು ಕೂಡಿಸಿ 31 ಅಡಿಯ ದೋಣಿಗೆ ‘ಆರಲಿನ್’ ಎಂದು ಹೆಸರಿಟ್ಟರು. ದೋಣಿಯಲ್ಲಿ ಸುದ್ದಿ ಕಳಿಸುವ ರೇಡಿಯೊ ಇಡುವುದು ಬೇಡವೆಂದದ್ದು ಮಾರಿಸ್. ಹೊರಗಿನವರ ಹಂಗಿಲ್ಲದೆ ಬದುಕಬೇಕೆಂಬುದು ಅವರ ಹಟ. 1972ರ ಜೂನಿನಲ್ಲಿ ಸೌತಾಂಪ್ಟನ್ ಬಿಟ್ಟು ನ್ಯೂಜಿಲೆಂಡಿಗೆ ಹೊರಟರು. 1973ರ ಮಾರ್ಚ್ 4ರ ಬೆಳಿಗ್ಗೆ, ಪನಾಮಾ ದಾಟಿ ಗಲಪಗೊಸ್ ದ್ವೀಪಗಳತ್ತ ಸಾಗುವಾಗ, ಒಂದು ತಿಮಿಂಗಿಲ ದೋಣಿಗೆ ಗುದ್ದಿತು. ನೀರಿನ ಮಟ್ಟದ ಕೆಳಗೆ ಬಿದ್ದ ತೂತಿಗೆ ಹಾಯಿ ಹೊದಿಸಿದರು, ದಿಂಬು ತುರುಕಿದರು, ನಿಲ್ಲಲಿಲ್ಲ. ಒಂದು ಗಂಟೆಯೊಳಗೆ ಆರಲಿನ್ ಮುಳುಗಿತು.

ರಬ್ಬರಿನ ಲೈಫ್ ರಾಫ್ಟ್, ಅದಕ್ಕೆ ಕಟ್ಟಿದ ಗಾಳಿದೋಣಿ. ಕೆಲವು ವಾರಕ್ಕೆ ಸಾಲುವ ಡಬ್ಬಿ ಊಟ. ಮೀನು ಹಿಡಿಯೋಣವೆಂದರೆ ಗಾಳವಿಲ್ಲ. ಮರಲಿನ್ ಸೇಫ್ಟಿ ಪಿನ್ನುಗಳನ್ನು ಬಗ್ಗಿಸಿ ದಾರ ಕಟ್ಟಿದರು, ಆಮೆಯ ಮಾಂಸದ ಚೂರು ಸಿಕ್ಕಿಸಿ ಮೀನು ಎಳೆದರು. ಮಳೆನೀರು ಹಿಡಿದರು. ಕಾಗದ ಕತ್ತರಿಸಿ ಇಸ್ಪೀಟು ಮಾಡಿದರು. ಹೊಟ್ಟೆ ಹಸಿದು ಕೂತು ಮುಂದಿನ ದೋಣಿಯ ನಕ್ಷೆ ಬರೆದರು, ಅದರಲ್ಲಿ ಅತಿಥಿಗಳಿಗೆ ಮಾಡುವ ಅಡುಗೆಯ ಪಟ್ಟಿ ಬರೆದರು. ದಿನಗಳೆದಂತೆ ಮಾರಿಸ್ ಜ್ವರ, ಹುಣ್ಣು, ನಿರಾಶೆಯಲ್ಲಿ ಕುಸಿದರು. ರಾಫ್ಟಿನ ಯಜಮಾನಿಕೆ ಹೆಂಡತಿಯ ಕೈಗೆ ಬಂತು. ಏಳು ಹಡಗುಗಳು ಕಾಣಿಸಿಕೊಂಡು ಇವರನ್ನು ಕಾಣದೆ ಹೋದವು. ಕೆಲವು ಬೆಂಕಿಬಾಣಗಳು ಹೊತ್ತಲೇ ಇಲ್ಲ.

ಮಾರಿಸ್‌ಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಮರಲಿನ್‌ಗೆ ತಾವು ಬದುಕುವುದು ಖಂಡಿತ ಎಂಬ ದೃಢತೆ ಇತ್ತು. ದೈವವನ್ನು ನಂಬಿದವರು ಕೈಕಟ್ಟಿ ಕೂರುತ್ತಾರೆ ಎಂಬ ಹಳೆಯ ದೂರು ಆ ರಾಫ್ಟಿನಲ್ಲಿ ಸುಳ್ಳಾಯಿತು. ವಿಧಿಯ ಮೇಲೆ ಭರವಸೆಯಿದ್ದವರ ಕೈಯೇ ಪಿನ್ನು ಬಗ್ಗಿಸುತ್ತಿತ್ತು. ತಿಮಿಂಗಿಲದ ಗುದ್ದನ್ನು ಅವರು ಐದನೆಯ ಕಾರಣಕ್ಕೆ ಬಿಟ್ಟರು, ಆಮೇಲಿನ ಪ್ರತಿ ದಿನವನ್ನೂ ಮೊದಲ ನಾಲ್ಕರ ಲೆಕ್ಕಕ್ಕೆ ತೆಗೆದುಕೊಂಡರು. ರೇಡಿಯೊ ಇದ್ದಿದ್ದರೆ ಎಂಬ ಮಾತು ಆ ಪುಟ್ಟ ಜಾಗದಲ್ಲಿ ಪ್ರತಿ ಗಂಟೆಗೂ ಆಡಬಹುದಾದದ್ದು. ಬದುಕಿ ಬಂದ ಮೇಲೆ ಇಬ್ಬರೂ ಸರದಿಯಂತೆ ಬರೆದ ‘117 ಡೇಸ್ ಅಡ್ರಿಫ್ಟ್’ ಪುಸ್ತಕ ಆ ಜಗಳದ ಪುಸ್ತಕವಲ್ಲ.

1973ರ ಜೂನ್ 30ರಂದು ಕೊರಿಯಾದ ‘ವೋಲ್ಮಿ 306’ ಎಂಬ ಮೀನುಗಾರಿಕೆ ಹಡಗು ಅವರನ್ನು ಎತ್ತಿಕೊಂಡಿತು. ಬರಿದೆ ತೇಲಿಕೊಂಡು 1,500 ಮೈಲಿ ಬಂದಿದ್ದರು. ಮುಂದೆ ‘ಆರಲಿನ್ 2’ ಎಂಬ ದೋಣಿ ಮಾಡಿಸಿಕೊಂಡು ದಕ್ಷಿಣ ಅಮೆರಿಕದ ಪಟಗೊನಿಯಾಕ್ಕೆ ಹೋದರು.

ಇಲ್ಲಿಗೆ ನಿಲ್ಲಿಸಿದರೆ ನಂಬಿದವಳು ಗೆದ್ದಳು ಎಂಬ ಕಥೆಯಾಗುತ್ತದೆ. ಅದಕ್ಕೆ ಒಪ್ಪದ ಒಬ್ಬ ಹಳೆಯ ಗ್ರೀಕನಿದ್ದಾನೆ: ನಾಸ್ತಿಕ ಡಯಾಗೊರಸ್. ಅವನ ಎರಡು ಪ್ರಸಂಗಗಳನ್ನು ಸಿಸೆರೊ ದೇವರುಗಳ ಸ್ವರೂಪದ ಬಗ್ಗೆ ಬರೆದ ಗ್ರಂಥದಲ್ಲಿ ಹೇಳಿದ್ದಾನೆ. ಒಮ್ಮೆ ಸಮುದ್ರದಲ್ಲಿ ಬಿರುಗಾಳಿ ಎದ್ದಾಗ, ನಿನ್ನಂಥವನನ್ನು ಹತ್ತಿಸಿಕೊಂಡದ್ದಕ್ಕೇ ಹೀಗಾಯಿತು ಎಂದು ನಾವಿಕರು ಹರಿಹಾಯ್ದರು. ಅದೇ ಗಾಳಿಯಲ್ಲಿ ತೊಳಲುತ್ತಿದ್ದ ಬೇರೆ ಹಡಗುಗಳನ್ನು ತೋರಿಸಿ, ಅವುಗಳಲ್ಲೂ ಒಬ್ಬೊಬ್ಬ ಡಯಾಗೊರಸ್ ಇದ್ದಾನೆಯೇ ಎಂದು ಅವನು ಕೇಳಿದ. ಇನ್ನೊಮ್ಮೆ ಸಮೊಥ್ರೇಸ್ ದ್ವೀಪದ ಗುಡಿಗೆ ಹೋದಾಗ ಗೆಳೆಯನೊಬ್ಬ ಗೋಡೆಯ ಚಿತ್ರಗಳನ್ನು ತೋರಿಸಿದ. ಹರಕೆ ಹೊತ್ತು ಸಮುದ್ರದಿಂದ ಪಾರಾದವರು ಬರೆಸಿ ಕೊಟ್ಟ ಚಿತ್ರಗಳು. ಇಷ್ಟು ಸಾಕ್ಷಿ ಸಾಲದೇ ಎಂದ. ಮುಳುಗಿ ಸತ್ತವರ ಚಿತ್ರಗಳು ಎಲ್ಲಿವೆ ಎಂದ ಡಯಾಗೊರಸ್.

ದೋಣಿ ದಂಪತಿಗಳ ಪುಸ್ತಕಗಳ ಕಪಾಟೂ ಆ ಗುಡಿಯ ಗೋಡೆಯೇ. ಅಲ್ಲಿರುವುದು ಪಾರಾದವರು. ಆರಲಿನ್‌ನವರಷ್ಟೇ ಗಟ್ಟಿಗರು, ಅವರಷ್ಟೇ ನಂಬಿದವರು, ಎಂಟನೆಯ ಹಡಗು ಬರುವ ಮುನ್ನ ತೀರಿಹೋದವರು ಬರೆದಿಲ್ಲ. ಇದು ನಂಬಿಕೆಯನ್ನು ಸುಳ್ಳೆನ್ನುವ ವಾದವಲ್ಲ. ನಂಬಿಕೆಗೆ ಫಲದ ಸಾಕ್ಷಿ ತರಬೇಡಿ ಎನ್ನುವ ವಾದ. ಮರಲಿನ್‌ರ ದೃಢತೆಗೆ ಬೆಲೆ ಬಂದದ್ದು ಹಡಗು ಬಂದದ್ದರಿಂದಲ್ಲ. ಬಾರದಿದ್ದರೂ ಆ ರಾಫ್ಟಿನಲ್ಲಿ ಗಂಡನ ಹುಣ್ಣು ತೊಳೆದ ಕೈ, ಮೀನು ಸೀಳಿದ ಕೈ ಅದೇ ಇರುತ್ತಿತ್ತು.

ಆ ಗೋಡೆಯಲ್ಲಿ ಒಂದು ಚಿತ್ರ ಮಾತ್ರ ಬೇರೆ. ಆನ್ ಡೇವಿಸನ್ 1951ರಲ್ಲಿ ‘ಲಾಸ್ಟ್ ವಾಯೇಜ್’ ಪುಸ್ತಕ ಪ್ರಕಟಿಸಿದರು. ಡಯಾಗೊರಸ್ ಕೇಳಿದ್ದು ಅಂಥದ್ದನ್ನೇ, ಮುಳುಗಿದವನ ಚಿತ್ರವನ್ನು. ವಿಮಾನದ ದಿನಗಳು, ದ್ವೀಪ, ಹಡಗಿನ ಮೇಲೆ ಏರಿದ ಸಾಲ, ಹೊರಟ ರಾತ್ರಿ, ತೆಪ್ಪ, ಫ್ರಾಂಕ್ ಇಲ್ಲವಾದದ್ದು, ಎಲ್ಲವನ್ನೂ ಅವರು ಬರೆದರು. ಮರುವರ್ಷ ಮೇ ತಿಂಗಳಲ್ಲಿ ‘ಫೆಲಿಸಿಟಿ ಆನ್’ ಎಂಬ 23 ಅಡಿಯ ದೋಣಿಯಲ್ಲಿ ಪ್ಲಿಮತ್‌ನಿಂದ ಒಬ್ಬರೇ ಹೊರಟರು. ರಿಲಯನ್ಸ್‌ನ ಮೂರನೆಯ ಒಂದು ಪಾಲಿನಷ್ಟು ಉದ್ದದ ದೋಣಿ, ಒಬ್ಬರ ಕೈಯಲ್ಲಿ ಆಗುವಂಥದ್ದು. ಬ್ರಿಟನಿ, ಸ್ಪೇನ್, ಮೊರಾಕೊ, ಕ್ಯಾನರಿ ದ್ವೀಪಗಳಲ್ಲಿ ನಿಂತು ನಿಂತು ಕಲಿಯುತ್ತ ಹೋಗಿ, ನವೆಂಬರಿನಲ್ಲಿ ಲಾಸ್ ಪಾಲ್ಮಸ್ ಬಿಟ್ಟು 1953ರ ಜನವರಿ ಕೊನೆಗೆ ವೆಸ್ಟ್ ಇಂಡೀಸಿನ ಡೊಮಿನಿಕಾ ಮುಟ್ಟಿದರು. ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ದಾಟಿದ ಮೊದಲ ಹೆಂಗಸು ಅವರು.